ಉರಿ ಹಚ್ಚುವ ಕೊಬ್ಬು, ಉರಿ ಆರಿಸುವ ಕೊಬ್ಬು

(ಕಲಬುರಗಿಯಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿಗಳು.

ಈ ಬಿಸಿಲಿನಲ್ಲೂ ಇಷ್ಟು ಮಂದಿ ಬಂದಿದ್ದೀರಿ. ಮುಂದಿನ ಸಾಲಿನಲ್ಲಿ ನರ್ಸಿಂಗ್ ಓದುವ ಮಕ್ಕಳಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ. ಆಳಂದ, ಚಿತ್ತಾಪುರ, ಸೇಡಂ ಕಡೆಯ ರೈತರೂ ಬಂದು ಕೂತಿದ್ದೀರಿ. ವಿಷಯ ಸ್ವಲ್ಪ ಗಡುಸಾದದ್ದೇ. ಆದರೆ ಇದು ನಿಮ್ಮೆಲ್ಲರ ಮೈಯೊಳಗೆ ದಿನಾ ನಡೆಯುವ ಸಂಗತಿ. ಹಾಗಾಗಿ ನಿಮಗೆ ಅರ್ಥ ಆಗುವ ಹಾಗೆ ಹೇಳುವುದು ನನ್ನ ಜವಾಬ್ದಾರಿ.

ಕೊಬ್ಬು ಅಂದ ಕೂಡಲೇ ನಮಗೆ ನೆನಪಾಗುವುದು ಹೊಟ್ಟೆ, ತೂಕ, ಹಾರ್ಟ್ ಅಟ್ಯಾಕ್, ಲ್ಯಾಬಿನವರು ಕೈಗೆ ಕೊಡುವ ಕೊಲೆಸ್ಟ್ರಾಲ್ ರಿಪೋರ್ಟು. ಇವತ್ತು ನಾನು ಬೇರೆ ಮಾತು ಹೇಳಬೇಕು. ನಮ್ಮ ರಕ್ತದ ಬಿಳಿ ಕಣಗಳು ಯಾವಾಗ ಹೋರಾಟಕ್ಕೆ ಇಳಿಯಬೇಕು, ಎಲ್ಲಿಗೆ ಓಡಬೇಕು, ಯಾವಾಗ ಸುಮ್ಮನಾಗಬೇಕು ಎಂದು ತಿಳಿಸುವ ಕೆಲಸದಲ್ಲಿ ದೊಡ್ಡ ಪಾಲು ಕೊಬ್ಬಿನದು. ಅದರಲ್ಲೂ ಸುಮ್ಮನಾಗಿಸುವ ಕೆಲಸದ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ. ನಾನು ಜಾಸ್ತಿ ಹೊತ್ತು ನಿಲ್ಲುವುದು ಅಲ್ಲೇ.

ಮೊದಲು ಒಂದು ಮುಳ್ಳು. ತೊಗರಿ ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೀರಿ. ಜಾಲಿ ಮುಳ್ಳು ಹಿಮ್ಮಡಿಗೆ ನೆಟ್ಟಿತು. ಕಿತ್ತು ಎಸೆದು ಮುಂದೆ ಹೋದಿರಿ. ಆದರೆ ತುದಿ ಒಳಗೇ ಮುರಿದುಕೊಂಡಿದೆ. ಅದರ ಜೊತೆ ಮಣ್ಣಿನ ಬ್ಯಾಕ್ಟೀರಿಯಾಗಳೂ ಒಳಗೆ ಸೇರಿವೆ.

ಚರ್ಮದ ಕೆಳಗೆ ಯಾವಾಗಲೂ ಕೆಲವು ಕಾವಲು ಕೋಶಗಳು ಇರುತ್ತವೆ. ಅವುಗಳಲ್ಲಿ ಎರಡರ ಹೆಸರು ನೆನಪಿಟ್ಟುಕೊಳ್ಳಿ: ಮ್ಯಾಕ್ರೋಫೇಜ್ ಮತ್ತು ಮಾಸ್ಟ್ ಕೋಶ. ಎಲ್ಲ ಜೀವಕೋಶಗಳ ಹಾಗೆ ಇವುಗಳ ಸುತ್ತಲೂ ಒಂದು ತೆಳುವಾದ ಪೊರೆ ಇದೆ. ಅದರ ದಪ್ಪ ಸುಮಾರು 5 ನ್ಯಾನೋಮೀಟರ್. ಅಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲಿ ಒಂದು ಪಾಲು. ಆ ಪೊರೆಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಕೊಬ್ಬು. ಈ ಕೊಬ್ಬು ಸುಮ್ನೆ ಗೋಡೆಯಾಗಿ ನಿಂತಿದೆ ಎಂದು ಬಹಳ ಕಾಲ ಅಂದುಕೊಂಡಿದ್ದರು. ಆದರೆ ಅದರೊಳಗೆ ಒಂದು ಕಚ್ಚಾ ಸಾಮಗ್ರಿ ಅಡಗಿ ಕೂತಿರುತ್ತದೆ. ಅದರ ಹೆಸರು ಅರಾಕಿಡೋನಿಕ್ ಆಮ್ಲ, 20 ಇಂಗಾಲಗಳ ಒಂದು ಸರಪಳಿ.

ಮುಳ್ಳು ಚುಚ್ಚಿದ ಪೆಟ್ಟಿಗೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಆಗ ಫಾಸ್ಫೋಲೈಪೇಸ್ ಎ2 ಎಂಬ ಕಿಣ್ವ ಪೊರೆಯ ಹತ್ತಿರ ಸರಿದು ಬಂದು ಈ ಅರಾಕಿಡೋನಿಕ್ ಆಮ್ಲವನ್ನು ಕತ್ತರಿಸಿ ಬಿಡಿಸುತ್ತದೆ. ಬಿಡಿಯಾದ ಆಮ್ಲಕ್ಕೆ ಎರಡು ದೊಡ್ಡ ದಾರಿಗಳಿವೆ. ಸೈಕ್ಲೋಆಕ್ಸಿಜಿನೇಸ್ ಎಂಬ ಕಿಣ್ವದ ಕೈಗೆ ಸಿಕ್ಕರೆ ಪ್ರೋಸ್ಟಾಗ್ಲಾಂಡಿನ್ ಆಗುತ್ತದೆ. ಲಿಪಾಕ್ಸಿಜಿನೇಸ್ ಕೈಗೆ ಸಿಕ್ಕರೆ ಲ್ಯೂಕೋಟ್ರೈನ್ ಆಗುತ್ತದೆ. ಮಾಸ್ಟ್ ಕೋಶದಲ್ಲಿ ಹಿಸ್ಟಮಿನ್ ಮೊದಲೇ ತಯಾರಾಗಿ ಕೂತಿರುತ್ತದೆ. ಈ ಕೊಬ್ಬಿನ ಸಂದೇಶಗಳು ಹಾಗಲ್ಲ. ಬೇಕಾದಾಗಲೇ, ಬೇಕಾದ ಜಾಗದಲ್ಲೇ ತಯಾರಾಗುತ್ತವೆ. ಅಕ್ಕಪಕ್ಕದ ಕೋಶಗಳಿಗೆ ವಿಷಯ ಮುಟ್ಟಿಸಿ, ಹೆಚ್ಚು ಹೊತ್ತು ಉಳಿಯದೆ ಕರಗಿ ಹೋಗುತ್ತವೆ.

ಈಗ ಹಿಮ್ಮಡಿ ನೋಡಿಕೊಳ್ಳಿ. ಕೆಂಪಾಗಿದೆ, ಬಿಸಿಯಾಗಿದೆ. ಪ್ರೋಸ್ಟಾಗ್ಲಾಂಡಿನ್ ಸಣ್ಣ ರಕ್ತನಾಳಗಳನ್ನು ಹಿಗ್ಗಿಸಿದೆ, ರಕ್ತ ಜಾಸ್ತಿ ಹರಿಯುತ್ತಿದೆ. ಬಾವು ಬಂದಿದೆ, ಯಾಕೆಂದರೆ ಹಿಸ್ಟಮಿನ್ ಮತ್ತು ಕೆಲವು ಲ್ಯೂಕೋಟ್ರೈನ್‌ಗಳು ನಾಳದ ಗೋಡೆಯನ್ನು ಸಡಿಲ ಮಾಡಿ ನೀರು ಹೊರಗೆ ಜಿನುಗುವಂತೆ ಮಾಡಿವೆ. ಮುಟ್ಟಿದರೆ ನೋವು. ಪ್ರೋಸ್ಟಾಗ್ಲಾಂಡಿನ್ ಇ2 ನೋವಿನ ನರಗಳನ್ನು ಸೂಕ್ಷ್ಮ ಮಾಡಿದೆ. ಇದೇ ವಸ್ತು ಮಿದುಳಿನ ಹೈಪೋಥಲಾಮಸ್‌ನಲ್ಲಿ ತಯಾರಾದಾಗ ಮೈ ಕಾವೇರುತ್ತದೆ. ನಮಗೆ ಬರುವ ಜ್ವರದ ಕೊನೆಯ ಸ್ವಿಚ್ಚು ಅದೇ.

ಅಷ್ಟರಲ್ಲಿ ಲ್ಯೂಕೋಟ್ರೈನ್ ಬಿ4 ನ್ಯೂಟ್ರೋಫಿಲ್‌ಗಳನ್ನು ಕರೆದಿದೆ. ರಕ್ತದ ಬಿಳಿ ಕಣಗಳಲ್ಲಿ ಇವೇ ಜಾಸ್ತಿ. ನಮ್ಮ ಎಲುಬಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ತಯಾರಿಸುತ್ತದೆ. ಮೊದಲು ತಲುಪಿದವು ತಾವೇ ಮತ್ತಷ್ಟು ಲ್ಯೂಕೋಟ್ರೈನ್ ಬಿ4 ಬಿಟ್ಟು ಉಳಿದವನ್ನು ಕರೆಯುತ್ತವೆ. ಕೆಲವೇ ತಾಸುಗಳಲ್ಲಿ ಮುಳ್ಳಿನ ಸುತ್ತ ಅವು ಮುತ್ತಿಕೊಳ್ಳುತ್ತವೆ. ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ, ಅವುಗಳ ಮೇಲೆ ತಮ್ಮ ರಾಸಾಯನಿಕ ಸುರಿಯುತ್ತವೆ, ತಾವೂ ಸಾಯುತ್ತವೆ. ಮರುದಿನ ನಿಮಗೆ ಕಾಣುವ ಕೀವು ಅದೇ. ಕೆಂಪು, ಬಿಸಿ, ಬಾವು, ನೋವು ಸೇರಿದ ಈ ಇಡೀ ಹೋರಾಟಕ್ಕೇ ಉರಿಯೂತ ಅನ್ನುತ್ತಾರೆ. ನಾನು ಉರಿ ಅನ್ನುವುದು ಇದಕ್ಕೇ.

ಇಲ್ಲಿಯವರೆಗಿನ ಕಥೆ ಬಿಡಿಸಲು ವಿಜ್ಞಾನಕ್ಕೆ ಅರ್ಧ ಶತಮಾನವೇ ಬೇಕಾಯಿತು. ಆಸ್ಪಿರಿನ್ ಮಾತ್ರೆಯ ವಸ್ತುವನ್ನು ಜರ್ಮನಿಯಲ್ಲಿ ಶುದ್ಧವಾಗಿ ತಯಾರಿಸಿದ್ದು 1897ರಲ್ಲಿ. ಜಗತ್ತೆಲ್ಲ ನುಂಗಿತು, ನೋವು ಹೋಯಿತು, ಜ್ವರ ಇಳಿಯಿತು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಮಾತ್ರ 70 ವರ್ಷ ದಾಟಿದರೂ ಯಾರಿಗೂ ಗೊತ್ತಿರಲಿಲ್ಲ. 1971ರಲ್ಲಿ ಲಂಡನ್ನಿನ ಜಾನ್ ವೇನ್ ತೋರಿಸಿಕೊಟ್ಟರು: ಆಸ್ಪಿರಿನ್ ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತದೆ. ಸ್ವೀಡನ್ನಿನ ಸುನೆ ಬರ್ಗ್‌ಸ್ಟ್ರೋಮ್ ಪ್ರೋಸ್ಟಾಗ್ಲಾಂಡಿನ್‌ಗಳನ್ನು ಬೇರ್ಪಡಿಸಿ ಅವುಗಳ ರಚನೆ ಹಿಡಿದಿದ್ದರು. ಅವರ ಶಿಷ್ಯ ಬೆಂಗ್ಟ್ ಸ್ಯಾಮುಯೆಲ್ಸನ್ 1979ರಲ್ಲಿ ಲ್ಯೂಕೋಟ್ರೈನ್‌ಗಳನ್ನು ಗುರುತಿಸಿದರು. ಮೂವರಿಗೂ 1982ರಲ್ಲಿ ನೊಬೆಲ್ ಬಂತು.

ಸರಿ, ಉರಿ ಹತ್ತಿದ್ದು ಗೊತ್ತಾಯಿತು. ಆರಿದ್ದು ಹೇಗೆ?

ಇಲ್ಲಿ ನಾವೆಲ್ಲ, ವೈದ್ಯರೂ ಸೇರಿ, ತುಂಬಾ ಕಾಲ ಒಂದು ಸುಲಭದ ಉತ್ತರಕ್ಕೆ ಒಪ್ಪಿಕೊಂಡು ಕೂತಿದ್ದೆವು. ಬ್ಯಾಕ್ಟೀರಿಯಾ ಸತ್ತವು, ಪ್ರಚೋದನೆ ನಿಂತಿತು, ಬಾವು ತಾನಾಗಿಯೇ ಇಳಿಯಿತು. ಅಷ್ಟೇ ಅಲ್ವಾ? ಅಷ್ಟೇ ಅಲ್ಲ. ಶರಣಬಸವೇಶ್ವರ ಜಾತ್ರೆ ನೋಡಿದವರು ನೀವು. ತೇರು ಎಳೆದ ಮೇಲೆ ಮೈದಾನ ತಾನಾಗಿ ಖಾಲಿ ಆಗುತ್ತದೆಯೇ? ಮಂದಿಯನ್ನು ದಾರಿಗೆ ಹಚ್ಚುವವರು ಬೇಕು, ಹೊಸದಾಗಿ ಬರುವವರನ್ನು ತಡೆಯುವವರು ಬೇಕು, ಕಸ ಎತ್ತುವವರು ಬೇಕು. ಅದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಆಳುಗಳು. ಉರಿಯೂತ ಮುಗಿಯುವುದೂ ಹಾಗೆಯೇ. ಅದು ತಾನಾಗಿ ನಡೆಯುವುದಲ್ಲ, ಮಾಡಿ ಮುಗಿಸುವ ಕೆಲಸ.

ಇದರ ಮೊದಲ ಸುಳಿವು ಸಿಕ್ಕಿದ್ದು 1984ರಲ್ಲಿ. ಚಾರ್ಲ್ಸ್ ಸೆರ್ಹಾನ್ ಎಂಬ ವಿಜ್ಞಾನಿ ಸ್ಯಾಮುಯೆಲ್ಸನ್ ಅವರ ಜೊತೆ ಕೆಲಸ ಮಾಡುತ್ತಿದ್ದಾಗ ಅರಾಕಿಡೋನಿಕ್ ಆಮ್ಲದಿಂದಲೇ ಹುಟ್ಟುವ ಇನ್ನೊಂದು ಗುಂಪನ್ನು ಕಂಡರು. ಅದಕ್ಕೆ ಲಿಪಾಕ್ಸಿನ್ ಎಂದು ಹೆಸರಿಟ್ಟರು. ಮುಂದೆ ತಿಳಿದದ್ದು ಬೆರಗಿನ ಸಂಗತಿ. ಲ್ಯೂಕೋಟ್ರೈನ್ ನ್ಯೂಟ್ರೋಫಿಲ್‌ಗಳನ್ನು ಕರೆದರೆ ಲಿಪಾಕ್ಸಿನ್ ಅವುಗಳನ್ನು ತಡೆಯುತ್ತದೆ. ಅಷ್ಟೇ ಅಲ್ಲ, ಸತ್ತ ಕೋಶಗಳನ್ನು ನುಂಗಿ ಜಾಗ ಚೊಕ್ಕ ಮಾಡುವ ಮ್ಯಾಕ್ರೋಫೇಜ್‌ಗಳಿಗೆ ಚುರುಕು ಕೊಡುತ್ತದೆ. ಕಚ್ಚಾ ಸಾಮಗ್ರಿ ಒಂದೇ, ಹೊರಬರುವ ಆಜ್ಞೆ ಮಾತ್ರ ತದ್ವಿರುದ್ಧ.

ಹಾಗಾದರೆ ಒಂದು ಆಜ್ಞೆಯಿಂದ ಇನ್ನೊಂದಕ್ಕೆ ಹೊರಳಿಸುವವರು ಯಾರು? 2001ರಲ್ಲಿ ಸೆರ್ಹಾನ್ ಅವರ ಬಾಸ್ಟನ್ ತಂಡ ಕೊಟ್ಟ ಉತ್ತರ ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದದ್ದು. ಉರಿ ಹಚ್ಚಿದ ಪ್ರೋಸ್ಟಾಗ್ಲಾಂಡಿನ್ ಇ2 ತಾನೇ ಸ್ವಲ್ಪ ಹೊತ್ತಿನ ನಂತರ ನ್ಯೂಟ್ರೋಫಿಲ್‌ಗಳ ಒಳಗೆ ಇನ್ನೊಂದು ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವ ಲಿಪಾಕ್ಸಿನ್ ತಯಾರಿಗೆ ದಾರಿ ಮಾಡುತ್ತದೆ. ಅಂದರೆ ಶುರು ಮಾಡಿದವನ ಕೈಯಲ್ಲೇ ಮುಗಿಸುವ ಚೀಟಿಯೂ ಇರುತ್ತದೆ. ಇದಕ್ಕೆ ಹೊಂದುವ ಮಾತು ಇಲಿಗಳ ಪ್ರಯೋಗದಲ್ಲಿ ಅದಕ್ಕೂ ಮೊದಲೇ ಕಂಡಿತ್ತು. ಕಾಕ್ಸ್-2, ಅಂದರೆ ಸೈಕ್ಲೋಆಕ್ಸಿಜಿನೇಸ್‌ನ ಒಂದು ಬಗೆ, ಅದನ್ನು ತಡೆಯುವ ಔಷಧವನ್ನು ಶುರುವಿನಲ್ಲಿ ಕೊಟ್ಟರೆ ಬಾವು ಇಳಿಯಿತು. ಕೊನೆಯ ಹಂತದಲ್ಲಿ ಕೊಟ್ಟರೆ ಬಾವು ಮುಗಿಯುವುದೇ ತಡವಾಯಿತು.

ಇನ್ನೊಂದು ಕೊಬ್ಬಿನ ಮಾತು ಇಲ್ಲೇ ಹೇಳಬೇಕು. ಜೀವಕೋಶದ ಪೊರೆಗೆ ಎರಡು ಪದರಗಳಿವೆ, ಒಳಗಿನದು ಮತ್ತು ಹೊರಗಿನದು. ಫಾಸ್ಫಟಿಡೈಲ್‌ಸೆರಿನ್ ಎಂಬ ಕೊಬ್ಬು ಯಾವಾಗಲೂ ಒಳಪದರದಲ್ಲೇ ಇರುತ್ತದೆ. ಅದನ್ನು ಅಲ್ಲೇ ಇಟ್ಟುಕೊಳ್ಳಲು ಕೋಶ ಶಕ್ತಿ ಖರ್ಚು ಮಾಡುತ್ತದೆ. ಕೋಶ ಸಾಯುವಾಗ ಈ ಕಾವಲು ತಪ್ಪಿ ಕೊಬ್ಬು ಹೊರಪದರಕ್ಕೆ ಬರುತ್ತದೆ. ಮ್ಯಾಕ್ರೋಫೇಜ್‌ಗೆ ಅದೇ ಗುರುತು: ಇದನ್ನು ನುಂಗು. 1992ರಲ್ಲಿ ಇದು ಖಚಿತವಾಯಿತು. ಹೀಗೆ ನುಂಗಿದ ಮ್ಯಾಕ್ರೋಫೇಜ್ ಸಿಟ್ಟಿಗೇಳುವುದಿಲ್ಲ. ಬದಲಿಗೆ ಉರಿ ತಗ್ಗಿಸುವ, ಗಾಯ ಮಾಯಿಸುವ ವಸ್ತುಗಳನ್ನು ಬಿಡುತ್ತದೆ. ನಿಮ್ಮ ಹಿಮ್ಮಡಿ ಒಂದು ವಾರದಲ್ಲಿ ಮೊದಲಿನ ಹಾಗೆ ಆಗುವುದರ ಹಿಂದೆ ಇಷ್ಟೆಲ್ಲ ನಡೆದಿರುತ್ತದೆ.

2000ದ ನಂತರ ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬುಗಳಿಂದ ಹುಟ್ಟುವ ರಿಸಾಲ್ವಿನ್, ಪ್ರೊಟೆಕ್ಟಿನ್, ಮಾರೆಸಿನ್ ಎಂಬ ಇನ್ನಷ್ಟು ವಸ್ತುಗಳೂ ಪಟ್ಟಿಗೆ ಸೇರಿದವು. ಇವುಗಳ ಪ್ರಮಾಣ ಅತಿ ಸಣ್ಣದು. ಮನುಷ್ಯರ ಮೈಯಲ್ಲಿ ಇವು ಕೆಲಸ ಮಾಡುವಷ್ಟು ಇರುತ್ತವೆಯೇ, ಅಳತೆ ಸರಿಯಾಗಿದೆಯೇ ಎಂದು ವಿಜ್ಞಾನಿಗಳಲ್ಲೇ ಜೋರು ವಾದ ನಡೆದಿದೆ. ವಾದ ನಡೆಯುವುದು ಒಳ್ಳೆಯದೇ. ಆದರೆ ಅದು ತೀರ್ಮಾನ ಆಗುವ ಮೊದಲೇ ಈ ಹೆಸರುಗಳನ್ನು ಡಬ್ಬಿಯ ಮೇಲೆ ಹಚ್ಚಿ ಮಾರುವವರಿದ್ದಾರೆ. ಅವರಿಂದ ದೂರ ಇರಿ.

ಈಗ ಮಾತ್ರೆಗಳಿಗೆ ಬರೋಣ. ಆಶಾ ಅಕ್ಕಂದಿರು ಇದನ್ನು ಗಮನವಿಟ್ಟು ಕೇಳಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಡೆಂಗಿ ಜ್ವರ ಬರುತ್ತದೆ. ಮೈಕೈ ನೋವು ತಡೆಯಲಾಗದೆ ಮಂದಿ ಮೆಡಿಕಲ್ ಅಂಗಡಿಗೆ ಹೋಗಿ ನೋವಿನ ಮಾತ್ರೆ ಕೇಳುತ್ತಾರೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫಿನ್ಯಾಕ್ ಎಲ್ಲವೂ ಸೈಕ್ಲೋಆಕ್ಸಿಜಿನೇಸ್ ಕಿಣ್ವ ತಡೆಯುವ ಮಾತ್ರೆಗಳೇ. ಅದೇ ಕಿಣ್ವದಿಂದ ಪ್ಲೇಟ್‌ಲೆಟ್‌ಗಳು ಥ್ರಾಂಬಾಕ್ಸೇನ್ ಎಂಬ ಇನ್ನೊಂದು ಕೊಬ್ಬಿನ ಸಂದೇಶ ತಯಾರಿಸುತ್ತವೆ. ರಕ್ತ ಹೆಪ್ಪುಗಟ್ಟಲು ಅದು ಬೇಕು. ಆಸ್ಪಿರಿನ್ ಮುಟ್ಟಿದ ಪ್ಲೇಟ್‌ಲೆಟ್ ತನ್ನ ಜೀವಮಾನ ಪೂರ್ತಿ, ಅಂದರೆ ಏಳರಿಂದ ಹತ್ತು ದಿನ, ಥ್ರಾಂಬಾಕ್ಸೇನ್ ಮಾಡಲಾರದು. ಡೆಂಗಿಯಲ್ಲಿ ಮೊದಲೇ ಪ್ಲೇಟ್‌ಲೆಟ್ ಇಳಿದಿರುತ್ತದೆ. ಅದರ ಮೇಲೆ ಈ ಮಾತ್ರೆ ನುಂಗಿದರೆ ರಕ್ತಸ್ರಾವದ ಅಪಾಯ. ಅದಕ್ಕೇ ಡೆಂಗಿ ಅನುಮಾನ ಇದ್ದಾಗ ಪ್ಯಾರಾಸಿಟಮಾಲ್ ಮಾತ್ರ, ಅದೂ ಹೇಳಿದ ಪ್ರಮಾಣದಲ್ಲಿ. ಜ್ವರ ಬಂದ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಅಸ್ತಮಾ ಇರುವ ಕೆಲವರಿಗೆ ಆಸ್ಪಿರಿನ್ ನುಂಗಿದ ಸ್ವಲ್ಪ ಹೊತ್ತಿಗೆ ಉಸಿರು ಕಟ್ಟುತ್ತದೆ. ಪ್ರೋಸ್ಟಾಗ್ಲಾಂಡಿನ್ ದಾರಿ ಮುಚ್ಚಿದಾಗ ಅವರಲ್ಲಿ ಲ್ಯೂಕೋಟ್ರೈನ್ ಮಿತಿ ಮೀರುತ್ತದೆ. ಅದು ಉಸಿರುನಾಳಗಳನ್ನು ಬಿಗಿ ಮಾಡುತ್ತದೆ. ನಿಮ್ಮಲ್ಲಿ ಕೆಲವರು ಮಾಂಟೆಲುಕಾಸ್ಟ್ ನುಂಗುತ್ತಿರಬಹುದು. ಅದು ಲ್ಯೂಕೋಟ್ರೈನ್ ಹೇಳಿದ ಮಾತು ಕೋಶಕ್ಕೆ ಕೇಳದಂತೆ ತಡೆಯುವ ಮಾತ್ರೆ.

ಸ್ಟೀರಾಯ್ಡ್‌ಗಳ ವಿಷಯ ಇದಕ್ಕಿಂತ ದೊಡ್ಡದು. ನಮ್ಮ ಮೂತ್ರಪಿಂಡದ ಮೇಲಿನ ಗ್ರಂಥಿ ಕೊಲೆಸ್ಟ್ರಾಲ್‌ನಿಂದ ಕಾರ್ಟಿಸಾಲ್ ಮಾಡುತ್ತದೆ. ಅದೂ ಒಂದು ಲಿಪಿಡ್ಡೇ, ಅಂದರೆ ಕೊಬ್ಬಿನ ಜಾತಿಯದೇ. ರೋಗನಿರೋಧಕ ಕೋಶಗಳ ಒಳಗೆ ನೇರ ನುಗ್ಗಿ, ಉರಿ ಹಚ್ಚುವ ಎಷ್ಟೋ ಜೀನುಗಳ ಬಾಯಿ ಮುಚ್ಚಿಸುತ್ತದೆ. ಪೊರೆಯಿಂದ ಅರಾಕಿಡೋನಿಕ್ ಆಮ್ಲ ಕತ್ತರಿಸುವ ಕೆಲಸವನ್ನೂ ತಗ್ಗಿಸುತ್ತದೆ. ದೇಶದ ಮೊದಲ ಕೋವಿಡ್ ಸಾವು ದಾಖಲಾಗಿದ್ದು ನಮ್ಮ ಕಲಬುರಗಿಯಲ್ಲೇ, 2020ರ ಮಾರ್ಚ್‌ನಲ್ಲಿ. ಆಗ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಅದೇ ವರ್ಷ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂದು ತೋರಿಸಿತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರರಲ್ಲಿ ಒಂದು ಪಾಲು ತಗ್ಗಿತು. ಆಕ್ಸಿಜನ್ ಬೇಕಿದ್ದವರಲ್ಲಿ ಐದರಲ್ಲಿ ಒಂದು ಪಾಲು. ಆಕ್ಸಿಜನ್ ಬೇಡದವರಿಗೆ ಲಾಭವೇ ಆಗಲಿಲ್ಲ.

ಈ ಕೊನೆಯ ಮಾತನ್ನು ನಾವು ಮರೆತೆವು. 2021ರ ಎರಡನೇ ಅಲೆಯಲ್ಲಿ ಸಣ್ಣ ಜ್ವರಕ್ಕೂ ಸ್ಟೀರಾಯ್ಡ್ ಹೋಯಿತು. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರಿತು, ನಿರೋಧಕ ಶಕ್ತಿ ಕುಗ್ಗಿತು, ಕಪ್ಪು ಶಿಲೀಂಧ್ರ ಬಂತು. ಉರಿ ಹದ ಮೀರಿದಾಗ ಆರಿಸುವುದು ಬೇರೆ, ಹೋರಾಟ ಶುರುವಾಗುವಾಗಲೇ ಕಾವಲುಗಾರರನ್ನು ಮಲಗಿಸುವುದು ಬೇರೆ.

ಉರಿ ಆರದೆ ವರ್ಷಗಟ್ಟಲೆ ಸಣ್ಣಗೆ ಉರಿಯುತ್ತಲೇ ಇದ್ದರೆ? ಹೃದಯದ ರಕ್ತನಾಳದಲ್ಲಿ ನಡೆಯುವುದು ಅದೇ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ನಾಳದ ಗೋಡೆಯೊಳಗೆ ಸಿಕ್ಕಿಕೊಂಡು ಮಾರ್ಪಡುತ್ತದೆ. ಮ್ಯಾಕ್ರೋಫೇಜ್ ಅದನ್ನು ನುಂಗುತ್ತದೆ. ನುಂಗಿ ನುಂಗಿ ಹೊಟ್ಟೆ ತುಂಬ ಕೊಬ್ಬಿನ ಹನಿ ತುಂಬಿಕೊಂಡು ನೊರೆಕೋಶ ಆಗುತ್ತದೆ. ಒಳಗೆ ಕೊಲೆಸ್ಟ್ರಾಲ್ ಚೂಪಾದ ಹರಳಾಗಿ ನಿಲ್ಲುತ್ತದೆ. ಆ ಹರಳು ಕೋಶದೊಳಗಿನ ಅಪಾಯದ ಗಂಟೆ ಬಾರಿಸಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿ ಹಚ್ಚುವ ಪ್ರೋಟೀನ್ ಹೊರಬರುವಂತೆ ಮಾಡುತ್ತದೆ ಎಂದು 2010ರಲ್ಲಿ ಗೊತ್ತಾಯಿತು. 2017ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಈ ಒಂದೇ ಪ್ರೋಟೀನನ್ನು ತಡೆದರು. ಎಲ್‌ಡಿಎಲ್ ಇಳಿಯಲಿಲ್ಲ. ಆದರೂ ಹೃದಯಾಘಾತ, ಲಕ್ವದಂಥ ಘಟನೆಗಳು ಶೇಕಡಾ 15ರಷ್ಟು ಕಡಿಮೆಯಾದವು. ಅದರ ಜೊತೆಗೇ ಸೋಂಕಿನಿಂದ ಸಾಯುವವರು ಸ್ವಲ್ಪ ಹೆಚ್ಚಾದರು. ಹಾಗಾಗಿ ಆ ಔಷಧ ಹೃದಯಕ್ಕೆಂದು ಬಳಕೆಗೆ ಬರಲಿಲ್ಲ. ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿರುವವರು ನಿಲ್ಲಿಸಬೇಡಿ. ನುಂಗಲು ಕೊಬ್ಬು ಕಡಿಮೆ ಸಿಕ್ಕಿದರೆ ಮ್ಯಾಕ್ರೋಫೇಜ್‌ಗೂ ಒಳ್ಳೆಯದು.

ಎಣ್ಣೆಯ ಪ್ರಶ್ನೆ ಬಂದೇ ಬರುತ್ತದೆ. ಸಭೆ ಶುರುವಾಗುವ ಮೊದಲೇ ಒಬ್ಬ ಹಿರಿಯರು ಕೇಳಿದರು: ಸರ್, ಕುಸುಬಿ ಎಣ್ಣೆ ಉರಿಯೂತ ಮಾಡ್ತದಂತ ಮೊಬೈಲ್‌ನಾಗ ಬಂದದ, ಖರೆ ಏನ್ರಿ?

ಕಾಕಾ, ಅದು ಅರ್ಧ ಮಾತು. ನಮ್ಮ ಕಡೆಯ ಹಳೆಯ ಕುಸುಬಿ ತಳಿಗಳ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೊಲಿಯಿಕ್ ಆಮ್ಲ ಎಂಬ ಒಮೆಗಾ-6 ಕೊಬ್ಬು. ಇದರಿಂದ ಮೈ ಅರಾಕಿಡೋನಿಕ್ ಆಮ್ಲ ಮಾಡಿಕೊಳ್ಳಬಲ್ಲದು. ಅರಾಕಿಡೋನಿಕ್ ಆಮ್ಲದಿಂದ ಉರಿ. ಹಾಗಾದರೆ ಕುಸುಬಿಯೇ ಉರಿ ಎಂದು ಲೆಕ್ಕ ಹಾಕಿಬಿಟ್ಟರು. ಮನುಷ್ಯರ ಮೇಲೆ ಅಳೆದು ನೋಡಿದಾಗ ಹಾಗೆ ಕಾಣಲಿಲ್ಲ. ಊಟದಲ್ಲಿ ಲಿನೊಲಿಯಿಕ್ ಜಾಸ್ತಿ ಮಾಡಿದರೂ ರಕ್ತದ ಅರಾಕಿಡೋನಿಕ್ ಆಮ್ಲ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಉರಿಯೂತದ ಗುರುತುಗಳೂ ಏರುವುದಿಲ್ಲ. ಅಲ್ಲದೆ ಅರಾಕಿಡೋನಿಕ್ ಆಮ್ಲದಿಂದಲೇ ಲಿಪಾಕ್ಸಿನ್ ಕೂಡ ಬರುತ್ತದೆ, ಈಗಷ್ಟೇ ಹೇಳಿದೆನಲ್ಲ. ಲಿನೊಲಿಯಿಕ್ ಆಮ್ಲ ಇಲ್ಲದೆ ನಾವು ಬದುಕಲಾರೆವು. 1929ರಲ್ಲಿ ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬಿಲ್ಲದ ಆಹಾರ ಹಾಕಿ ನೋಡಿದರು. ಇಲಿಗಳ ಚರ್ಮ ಪೊರೆಪೊರೆಯಾಗಿ ಎದ್ದಿತು, ಬಾಲ ಕೆಟ್ಟಿತು, ಬೆಳವಣಿಗೆ ನಿಂತಿತು. ಲಿನೊಲಿಯಿಕ್ ಆಮ್ಲ ಸ್ವಲ್ಪ ಕೊಟ್ಟರೆ ಚೇತರಿಸಿಕೊಂಡವು.

ಅಗಸಿಯ ಮಾತು ಬೇರೆ. ಅಗಸಿ ಎಣ್ಣೆಯಲ್ಲಿ ಅರ್ಧ, ಕೆಲವು ಸಲ ಅದಕ್ಕೂ ಜಾಸ್ತಿ, ಒಮೆಗಾ-3 ಇದೆ. ಆದರೆ ಅದು ಗಿಡದ ಒಮೆಗಾ-3. ಮೀನಿನಲ್ಲಿರುವ ಇಪಿಎ, ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳಾಗಿ ಅದನ್ನು ಬದಲಿಸುವ ಶಕ್ತಿ ನಮ್ಮ ಮೈಗೆ ಕಡಿಮೆ. ಇಪಿಎ ಆಗುವುದು ಕೆಲವೇ ಪಾಲು, ಡಿಎಚ್‌ಎ ಅದಕ್ಕಿಂತಲೂ ಕಡಿಮೆ. ಜೋಳದ ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಂಡು ತಿನ್ನಿ, ಬಹಳ ಒಳ್ಳೆಯ ಊಟ. ಅದನ್ನು ಔಷಧ ಅನ್ನಬೇಡಿ. ಮೀನೆಣ್ಣೆ ಕ್ಯಾಪ್ಸೂಲನ್ನೂ ಅಷ್ಟೇ. ಅಮೆರಿಕದಲ್ಲಿ 25,000ಕ್ಕೂ ಹೆಚ್ಚು ಆರೋಗ್ಯವಂತರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದರು. 2018ರಲ್ಲಿ ಬಂದ ಫಲಿತಾಂಶ: ಹೃದಯಾಘಾತ, ಲಕ್ವ, ಹೃದಯದ ಸಾವು ಎಲ್ಲ ಸೇರಿಸಿ ಲೆಕ್ಕ ಹಾಕಿದಾಗ ಗಟ್ಟಿಯಾದ ಲಾಭ ಕಾಣಲಿಲ್ಲ.

ನನಗೆ ಚಿಂತೆ ಇರುವುದು ಕುಸುಬಿಯ ಬಗ್ಗೆ ಅಲ್ಲ, ಮಿರ್ಚಿ ಭಜಿ ಬಾಣಲೆಯ ಬಗ್ಗೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೊಬ್ಬು ಒಡೆದು ಬೇರೆ ವಸ್ತುಗಳಾಗುತ್ತವೆ. ಅವುಗಳ ಪ್ರಮಾಣ ಶೇಕಡಾ 25 ದಾಟಿದ ಎಣ್ಣೆ ಬಳಸಬಾರದು ಎಂದು 2018ರಿಂದ ನಮ್ಮ ದೇಶದಲ್ಲಿ ನಿಯಮವೇ ಇದೆ. ಕಪ್ಪಾದ, ನೊರೆ ಬರುವ, ಬೇಗ ಹೊಗೆ ಏಳುವ ಎಣ್ಣೆಯ ಭಜಿ ಬೇಡ.

ಜೋಳ ಮತ್ತು ತೊಗರಿಗೂ ಈ ಕಥೆಯಲ್ಲಿ ಜಾಗ ಇದೆ. ಅವುಗಳಲ್ಲಿ ನಮಗೆ ಅರಗದ ನಾರು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ನಾಲ್ಕೇ ಇಂಗಾಲದ ಪುಟ್ಟ ಕೊಬ್ಬಿನ ಆಮ್ಲ ಮಾಡುತ್ತವೆ. ಈ ಬ್ಯುಟಿರೇಟ್ ಕರುಳಿನಲ್ಲಿ ಶಾಂತಿ ಕಾಯುವ ಟಿ ಕೋಶ ಎಂಬ ಬಿಳಿ ಕಣಗಳನ್ನು ಹೆಚ್ಚಿಸುತ್ತದೆ ಎಂದು 2013ರಲ್ಲಿ ಇಲಿಗಳಲ್ಲಿ ಕಂಡರು.

ಕೊನೆಗೆ ಬಂದೆ, ಆದರೆ ನನ್ನ ಮಟ್ಟಿಗೆ ಇದೇ ಮುಖ್ಯ ಭಾಗ. ಕೊಬ್ಬಿನ ಭಾಷೆ ನಮ್ಮ ಮೈಗಷ್ಟೇ ಗೊತ್ತಿರುವುದಲ್ಲ, ರೋಗಾಣುಗಳಿಗೂ ಗೊತ್ತು.

ಕಫ ಪರೀಕ್ಷೆಯ ಗಾಜಿನ ಪಟ್ಟಿಯನ್ನು ಲ್ಯಾಬಿನಲ್ಲಿ ಹೇಗೆ ತಯಾರಿಸುತ್ತಾರೆ ಎಂದು ನರ್ಸಿಂಗ್ ಮಕ್ಕಳು ನೋಡಿರುತ್ತೀರಿ. ಕೆಂಪು ಬಣ್ಣ ಸುರಿದು, ಆವಿ ಏಳುವ ತನಕ ಬಿಸಿ ಮಾಡುತ್ತಾರೆ. ಆಮೇಲೆ ಆಮ್ಲದಿಂದ ತೊಳೆಯುತ್ತಾರೆ. ಎಲ್ಲದರ ಬಣ್ಣ ಹೋಗುತ್ತದೆ. ಮೇಲೆ ನೀಲಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿ ನೆಲದ ಮೇಲೆ ತೆಳುವಾದ ಕೆಂಪು ಕಡ್ಡಿಗಳು. ಅವು ಟಿಬಿ ಬ್ಯಾಕ್ಟೀರಿಯಾ. ಆಮ್ಲಕ್ಕೂ ಬಣ್ಣ ಬಿಡದಿರಲು ಕಾರಣ ಅವುಗಳ ಮೇಣದಂಥ ಹೊದಿಕೆ. ಅದರಲ್ಲಿರುವುದು ಮೈಕೋಲಿಕ್ ಆಮ್ಲ, 60ರಿಂದ 90 ಇಂಗಾಲಗಳಷ್ಟು ಉದ್ದದ ಕೊಬ್ಬು. ನಮ್ಮ ಮೈಯಲ್ಲಿ ಇಂಥದ್ದು ಇಲ್ಲವೇ ಇಲ್ಲ. ಟಿ ಕೋಶಗಳು ಪ್ರೋಟೀನಿನ ತುಣುಕುಗಳನ್ನು ಮಾತ್ರ ಗುರುತಿಸುತ್ತವೆ ಎಂದು ಪುಸ್ತಕಗಳೆಲ್ಲ ಹೇಳುತ್ತಿದ್ದವು. 1994ರಲ್ಲಿ ಅದು ಬದಲಾಯಿತು. ಸಿಡಿ1 ಎಂಬ ಅಣು ಈ ಮೈಕೋಲಿಕ್ ಆಮ್ಲವನ್ನು ಹಿಡಿದು ತೋರಿಸುತ್ತದೆ, ಟಿ ಕೋಶ ಅದನ್ನು ಗುರುತಿಸುತ್ತದೆ ಎಂದು ಗೊತ್ತಾಯಿತು.

ಟಿಬಿಯಲ್ಲಿ ಉರಿಯ ಹದ ಎಷ್ಟು ನಾಜೂಕು ಎಂದು ಜೀಬ್ರಾಫಿಶ್ ಎಂಬ ಸಣ್ಣ ಮೀನು ತೋರಿಸಿತು. ಅದರಲ್ಲಿ ಲ್ಯೂಕೋಟ್ರೈನ್ ಬಿ4 ಕಡಿಮೆ ಇದ್ದರೂ ಸೋಂಕು ಬೆಳೆಯಿತು, ಜಾಸ್ತಿ ಇದ್ದರೂ ಬೆಳೆಯಿತು. ವಿಯೆಟ್ನಾಮಿನ ಮಿದುಳು ಟಿಬಿ ರೋಗಿಗಳಲ್ಲೂ ಮೊದಮೊದಲು ಇಂಥದ್ದೇ ಸುಳಿವು ಸಿಕ್ಕಿತ್ತು. ಅದರ ಮೇಲೆ ಚಿಕಿತ್ಸೆ ಬದಲಿಸುವಷ್ಟು ಆ ಮಾತು ಇನ್ನೂ ಗಟ್ಟಿಯಾಗಿಲ್ಲ.

ಕುಷ್ಠರೋಗದ ಬ್ಯಾಕ್ಟೀರಿಯಾ ಟಿಬಿಯ ದಾಯಾದಿ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡದ್ದು. ಕಿವಿಹಾಲೆಯ ಚರ್ಮ ಸಣ್ಣಗೆ ಗೀರಿ ತೆಗೆದ ದ್ರವವನ್ನು ಇದೇ ಥರ ಬಣ್ಣ ಹಾಕಿ ನೋಡುತ್ತಾರೆ. ಆಮ್ಲಕ್ಕೆ ಮಾತ್ರ ನೀರು ಜಾಸ್ತಿ ಬೆರೆಸಿ ಅದರ ಕಡುಪು ತಗ್ಗಿಸಿರಬೇಕು. ಬ್ಯಾಕ್ಟೀರಿಯಾ ಜಾಸ್ತಿ ಇರುವ ರೋಗಿಯಲ್ಲಿ ಕಾಣುವುದು ಇಷ್ಟು: ಊದಿಕೊಂಡ ಮ್ಯಾಕ್ರೋಫೇಜ್‌ಗಳು, ಒಳಗೆಲ್ಲ ಕೊಬ್ಬಿನ ಹನಿ, ಅದರ ನಡುವೆ ಕಟ್ಟುಕಟ್ಟಾಗಿ ಕೆಂಪು ಕಡ್ಡಿಗಳು. ಕೊಲ್ಲಬೇಕಾದ ಕೋಶವೇ ಮನೆಯಾಗಿದೆ. ಆ ಹನಿಗಳಲ್ಲಿ ಹೆಚ್ಚಿನದು ನಮ್ಮದೇ ಕೊಬ್ಬು. ಬ್ಯಾಕ್ಟೀರಿಯಾ ಅದನ್ನು ಅಲ್ಲಿ ಕೂಡಿಹಾಕಿಸುತ್ತದೆ. ಅಲ್ಲಿ ಮಾರ್ಪಟ್ಟ ಕೆಲವು ಕೊಬ್ಬುಗಳು ಅಕ್ಕಪಕ್ಕದ ನಿರೋಧಕ ಕೋಶಗಳ ಚುರುಕನ್ನೇ ತಗ್ಗಿಸುತ್ತವೆ.

ಇದರ ಹೊದಿಕೆಯಲ್ಲಿ ಇದಕ್ಕೇ ಮೀಸಲಾದ ಒಂದು ಕೊಬ್ಬಿದೆ, ಪಿಜಿಎಲ್-1. ನರಗಳನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳಿಗೆ ಅಂಟಿಕೊಳ್ಳಲು ಈ ಕೊಬ್ಬು ನೆರವಾಗುತ್ತದೆ ಎಂದು 2000ರಲ್ಲಿ ತಿಳಿಯಿತು. ಅದಕ್ಕೇ ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಹೋಗುತ್ತದೆ. ಬಿಸಿ ತವಾ ತಾಗಿದರೂ ಗೊತ್ತಾಗುವುದಿಲ್ಲ.

ಕುಷ್ಠಕ್ಕೆ ಒಳ್ಳೆಯ ಔಷಧ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ರೋಗದ ಪ್ರಮಾಣ ನೋಡಿಕೊಂಡು 6 ಅಥವಾ 12 ತಿಂಗಳು. ಅದರಲ್ಲಿರುವ ಕ್ಲೋಫಜಿಮಿನ್ ಕೊಬ್ಬಿನಲ್ಲಿ ಕರಗುವ ಔಷಧ, ಚರ್ಮದಲ್ಲಿ ಸೇರಿ ಮೈಬಣ್ಣ ಕಪ್ಪಾಗಿಸುತ್ತದೆ. ಹೆದರಬೇಕಿಲ್ಲ, ನಿಧಾನಕ್ಕೆ ಹೋಗುತ್ತದೆ. ಆದರೆ ಬ್ಯಾಕ್ಟೀರಿಯಾ ಸತ್ತ ಮೇಲೂ ಅದರ ಮೇಣ ಮೈಯಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಈ ಅಳಿದುಳಿದ ಚೂರುಗಳ ಮೇಲೆ ನಿರೋಧಕ ಕೋಶಗಳು ಒಮ್ಮೆಲೇ ತಿರುಗಿ ಬಿದ್ದರೆ ರಿಯಾಕ್ಷನ್ ಆಗುತ್ತದೆ. ಮಚ್ಚೆ ಕೆಂಪಾಗಿ ಉಬ್ಬುತ್ತದೆ, ನರ ನೋಯುತ್ತದೆ, ಕೆಲವೇ ದಿನಗಳಲ್ಲಿ ಕೈ ಬೆರಳು ಮಡಚಿಕೊಳ್ಳಬಹುದು, ಪಾದ ಜೋಲು ಬೀಳಬಹುದು. ಆಗ ನರ ಕೆಡಿಸುವುದು ನಮ್ಮದೇ ಉರಿ. ಅದಕ್ಕೆ ಇವತ್ತಿಗೂ ನಮ್ಮ ಮುಖ್ಯ ಆಸರೆ ಸ್ಟೀರಾಯ್ಡ್. ಹೋರಾಟವನ್ನೆಲ್ಲ ಒಟ್ಟಿಗೆ ತಗ್ಗಿಸುವ ಬದಲು, ಲಿಪಾಕ್ಸಿನ್ ಮಾಡುವ ಹಾಗೆ ಮುಗಿಸುವ ಕೆಲಸಕ್ಕಷ್ಟೇ ಬಲ ಕೊಡುವ ಔಷಧ ಬರಬೇಕು. ಇಲ್ಲಿ ಕೂತಿರುವ ಎಂಎಸ್ಸಿ ವಿದ್ಯಾರ್ಥಿಗಳಿಗೆ ಹೇಳುತ್ತೇನೆ: ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಭಾರತದವರು. ಈ ಪ್ರಶ್ನೆ ನಾವೇ ಕೈಗೆತ್ತಿಕೊಳ್ಳಬೇಕು.

ಆಶಾ ಅಕ್ಕಂದಿರಿಗೆ ಒಂದು ಮಾತು. ಔಷಧ ನುಂಗುತ್ತಿರುವಾಗ ಅಥವಾ ಮುಗಿಸಿದ ಮೇಲೆ ಮಚ್ಚೆ ಉಬ್ಬಿದರೆ, ಮೊಣಕೈ ಹತ್ತಿರ ನರ ನೋಯುತ್ತದೆ ಅಂದರೆ, ಕೈಯಲ್ಲಿ ಹಿಡಿತ ಸಡಿಲ ಆಗಿದೆ ಅಂದರೆ, ಮಂದಿ ಔಷಧವೇ ಆಗಿಬರಲಿಲ್ಲ ಎಂದು ಬಿಟ್ಟುಬಿಡುತ್ತಾರೆ. ಬಿಡಬಾರದು. ಔಷಧ ನಡೆಯುತ್ತಿರಲಿ, ಅವರನ್ನು ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ತಡ ಮಾಡದೆ ಸ್ಟೀರಾಯ್ಡ್ ಶುರು ಮಾಡಿದರೆ ಬಹಳ ಮಂದಿಯಲ್ಲಿ ನರ ಉಳಿಯುತ್ತದೆ. ಮಚ್ಚೆಯಲ್ಲಿ ಸ್ಪರ್ಶ ನೋಡುವುದು ಹೇಗೆ, ನರ ಮುಟ್ಟಿ ನೋಡುವುದು ಎಲ್ಲೆಲ್ಲಿ ಎಂದು ಈಗ ಪಕ್ಕದ ಕೋಣೆಯಲ್ಲಿ ತೋರಿಸುತ್ತೇನೆ. ಉಳಿದವರ ಪ್ರಶ್ನೆಗಳಿಗೆ ಅದಾದ ಮೇಲೆ ಇಲ್ಲೇ ಸಿಗುತ್ತೇನೆ.